ಸಾವಿಲ್ಲದ ವರ್ಷ

ಬಚ್ಚಲ ಕಲ್ಲಿನ ಮೇಲೆ ನಿಂತು ಶಿವಶಂಕರ ತನ್ನ ಬಲಗಾಲನ್ನೇ ನೋಡುತ್ತಿದ್ದ. ಎಡಗಾಲಿಗೆ ಒಂದು ಚೊಂಬು ನೀರು ಸಾಕಾಗಿತ್ತು. ಬಲಗಾಲಿಗೆ ಸುರಿದಷ್ಟೂ ಸಾಲದೆನ್ನಿಸುತ್ತಿತ್ತು. ಆ ಕಾಲಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಹೆಬ್ಬೆರಳಿನ ಉಗುರು ಅರ್ಧ ಮುರಿದಿತ್ತು, ಹಿಮ್ಮಡಿ ಒಡೆದಿತ್ತು, ಚಪ್ಪಲಿಯ ಪಟ್ಟಿ ಕೂರುವ ಜಾಗ ಮಾತ್ರ ಬೆಳ್ಳಗಿತ್ತು. ಆದರೆ ಹಳೇಕೊಪ್ಪಲಿನಲ್ಲಿ ಇದನ್ನು ಯಾರೂ ಕಾಲು ಎನ್ನುತ್ತಿರಲಿಲ್ಲ, ಪಾದ ಎನ್ನುತ್ತಿದ್ದರು. ಊಟಕ್ಕೆ ಕರೆದ ಮನೆಗಳಲ್ಲಿ ಅವನ ತಂದೆಯ ವಯಸ್ಸಿನವರು ಹಿತ್ತಾಳೆ ತಟ್ಟೆಯಲ್ಲಿ ಅದನ್ನು ಇಡಿಸಿಕೊಂಡು ತೊಳೆಯುವಾಗ ಅವನು ಮಾಡಿನ ಹೆಂಚು ನೋಡುತ್ತ ನಿಲ್ಲುತ್ತಿದ್ದ. ‘ಈ ಪಾದ ಊರಿಗೆ ಬಿದ್ದ ಗಳಿಗೆ ಚೆಂದಾಗದೆ ಬುದ್ದಿ, ಒಂದ್ ವರ್ಸದಿಂದ ಒಂದ್ ಸಾವಿಲ್ಲ’ ಎಂದು ಅವರು ಹೇಳಿದಾಗಲೆಲ್ಲ ಕಾಲು ಮೊಣಕಾಲಿನವರೆಗೂ ತಣ್ಣಗಾಗುತ್ತಿತ್ತು. ಒಳಗಿನಿಂದ ಪ್ರಮೀಳಾ ಕೂಗಿದಳು: ‘ಏನೂಂದ್ರೆ, ನೀರೆಲ್ಲಾ ಖಾಲಿ ಮಾಡ್ಬೇಡಿ. ಸಂಜೆ ಅವರೆಲ್ಲಾ ಬರ್ತಾರೆ, ಕಾಫಿಗೆ ಬೇಕು.’

ಸಂಜೆ ಅವರೆಲ್ಲಾ ಬರುತ್ತಾರೆ ಎಂಬುದನ್ನು ಅವನಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಹಿಂದಿನ ಅಯ್ನೋರು ಮಕ್ಕಳಿಲ್ಲದೆ ಲಿಂಗೈಕ್ಯರಾದ ಮೇಲೆ ಊರಿನ ಲಿಂಗಾಯತರಿಗೆ ಮದುವೆ ಮಾಡಿಸಲು, ಕೂಸಿಗೆ ಲಿಂಗ ಕಟ್ಟಲು, ಸತ್ತವರನ್ನು ಮಣ್ಣು ಮಾಡಿಸಲು ಜಂಗಮರೇ ಇಲ್ಲದೆ ಹೋಗಿ, ಯಜಮಾನ ಷಣ್ಮುಖಪ್ಪ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರವೆಲ್ಲ ಅಲೆದು ಇವನನ್ನು ಹುಡುಕಿ ತಂದಿದ್ದ. ತರುವಾಗಲೇ ‘ಒಂದ್ ವರ್ಸ ಇರ್ಲಿ, ನೋಡವ’ ಎಂದಿದ್ದ. ಎಮ್ಮೆ ಕೊಳ್ಳುವವರು ಮೊದಲು ಹಾಲು ಕರೆದು ನೋಡುವುದಿಲ್ಲವೇ, ಹಾಗೆ. ವರ್ಷವಿಡೀ ಊರು ಅವನನ್ನು ಕರೆದು ನೋಡಿತ್ತು. ಮಂತ್ರ ಗಟ್ಟಿಯಾಗಿ ಹೇಳುತ್ತಾನೋ ಗೊಣಗುತ್ತಾನೋ, ಯಾರ ಮನೆಯಲ್ಲಿ ಎರಡನೆಯ ಸಲ ಪಾಯಸ ಹಾಕಿಸಿಕೊಂಡ, ಯಾರ ಮನೆಯಲ್ಲಿ ಬೇಡ ಎಂದ, ಬೈಲಕುಪ್ಪೆಯ ಟಿಬೆಟಿಯನ್ ಹೋಟೆಲಿನಲ್ಲಿ ಟೀ ಕುಡಿದದ್ದು ನಿಜವೋ ಸುಳ್ಳೋ, ಎಲ್ಲವೂ ಜಗಲಿಯಿಂದ ಜಗಲಿಗೆ ಹೋಗಿ ಅವನ ಮನೆ ಬಾಗಿಲಿಗೇ ವಾಪಸು ಬರುತ್ತಿತ್ತು. ಇವತ್ತಿಗೆ ವರ್ಷ ತುಂಬಿತು. ಸಂಜೆ ಅವನು ವಾಸವಿದ್ದ ಮಠದ ಜಗಲಿಯ ಮೇಲೆ ಯಜಮಾನರು ಕೂತು ಹೂಂ ಅಂದರೆ ಈ ಮನೆ, ಮಠದ ಹೊಲ, ಊರಿನ ಗುರುಸ್ಥಾನ ಅವನ ತಲೆ ಇರುವವರೆಗೆ ಅವನದು. ಊಹೂಂ ಅಂದರೆ ಮತ್ತೆ ಗಂಟುಮೂಟೆ. ಮದುವೆಯಾದಾಗಿನಿಂದ ಊರೂರು ಗಂಟು ಹೊತ್ತಿದ್ದ ಪ್ರಮೀಳಾ ಈ ಮನೆಯ ಗೋಡೆಗೆ ಈವರೆಗೂ ಒಂದು ಮೊಳೆ ಹೊಡೆದಿರಲಿಲ್ಲ. ಕ್ಯಾಲೆಂಡರು ಅಕ್ಕಿ ಡಬ್ಬಕ್ಕೆ ಒರಗಿ ನಿಂತಿತ್ತು, ಕನ್ನಡಿ ಕಿಟಕಿಯ ಸರಳಿಗೆ ದಾರದಲ್ಲಿ ನೇತಾಡುತ್ತಿತ್ತು. ನಮ್ಮದಲ್ಲದ ಗೋಡೆಗೆ ಯಾಕೆ ತೂತು ಎನ್ನುತ್ತಿದ್ದಳು. ಈ ಬೆಳಿಗ್ಗೆ ಎದ್ದವಳೇ ಸುತ್ತಿಗೆ, ಮೊಳೆ ತಂದು ದೇವರ ಗೂಡಿನಲ್ಲಿಟ್ಟು ಕೈಮುಗಿದಿದ್ದಳು. ಅದನ್ನು ನೋಡಿ ಅವನಿಗೆ ಅಳು ಬಂದಂತಾಗಿ ಬಚ್ಚಲಿಗೆ ಬಂದಿದ್ದ.

ಅವನಿಗೆ ಭಯವಿತ್ತು. ಊರು ಬೇಡ ಅಂದರೆ ಎಂಬ ಭಯ ಒಂದಾದರೆ, ಇರಲಿ ಅಂದರೆ ಎಂಬ ಭಯ ಅದಕ್ಕಿಂತ ದೊಡ್ಡದು. ಇದ್ದರೆ ಇವತ್ತಲ್ಲ ನಾಳೆ ಯಾರಾದರೂ ಸಾಯುತ್ತಾರೆ. ಸತ್ತವರನ್ನು ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಆಮೇಲೆ ಎಲ್ಲರೂ ಹಿಂದಕ್ಕೆ ಸರಿದು ಅಯ್ನೋರ ಮುಖ ನೋಡುತ್ತಾರೆ. ಅಯ್ನೋರು ಹೋಗಿ ಬಲಪಾದವನ್ನು ಹೆಣದ ನೆತ್ತಿಯ ಮೇಲೆ ಇಡಬೇಕು. ಹಾಗಿಟ್ಟರೇ ಸತ್ತವರು ಸತ್ತಂತೆ, ಶಿವನ ದಾರಿ ಹಿಡಿದಂತೆ. ಅವನು ಅದನ್ನು ಮಾಡಿದ್ದು ಒಂದೇ ಸಲ, ಹದಿನೇಳನೆಯ ವಯಸ್ಸಿನಲ್ಲಿ, ಚುಂಚನಕಟ್ಟೆಯ ಹತ್ತಿರದ ಅಪ್ಪನ ಊರಿನಲ್ಲಿ. ಅಪ್ಪನ ಮಂಡಿ ಬಾತುಕೊಂಡು ಕಾಲೆತ್ತಲಾಗದೆ, ನೀನೇ ಇಡು ಹೋಗು ಎಂದಿದ್ದರು. ಸತ್ತವರು ಗದ್ದೆ ಬಯಲಿನ ಭಾರೀ ಆಳು. ನೆತ್ತಿಯ ಮೇಲೆ ಕಾಲಿಟ್ಟ. ತಣ್ಣಗಿತ್ತು, ಬೆಳಗಿನ ಜಾವ ಅಂಗಳದಲ್ಲಿ ಬಿಟ್ಟ ಒರಳುಕಲ್ಲಿನಷ್ಟು ತಣ್ಣಗೆ. ಹೆದರಿ ಒತ್ತಿಬಿಟ್ಟ. ತಲೆ ಎದೆಯ ಮೇಲೆ ಬಾಗಿತು, ಒಳಗೆ ಉಳಿದಿದ್ದ ಉಸಿರು ಗಂಟಲಿನಿಂದ ಹೂಂ ಎಂದು ಹೊರಗೆ ಬಂತು. ಕೇಳಿದ ಮಾತಿಗೆ ಒಪ್ಪಿಕೊಂಡಂತೆ, ಹೂಂ. ಹೆಂಗಸರು ಕಿರುಚಿದರು. ಅವನು ಓಡಿದ್ದು, ಕಾವೇರಿಯಲ್ಲಿ ಕುತ್ತಿಗೆಯವರೆಗೆ ಇಳಿದು ನಿಂತದ್ದು, ನದಿಯ ನೀರಿಗೂ ಆ ಕಾಲನ್ನು ಬೆಚ್ಚಗೆ ಮಾಡಲಾಗದೆ ಹೋದದ್ದು. ಅಪ್ಪ ಮತ್ತೆ ಕರೆಯಲಿಲ್ಲ, ಬೈಯಲೂ ಇಲ್ಲ. ಅಪ್ಪನೇ ಸತ್ತಾಗ ಚಿಕ್ಕಪ್ಪ ಬಂದು ಪಾದವಿಟ್ಟರು. ಮಗನಾದವನು ತೆಂಗಿನಕಾಯಿ ಹಿಡಿದುಕೊಂಡು ಎಲ್ಲರ ಹಿಂದೆ ನಿಂತಿದ್ದ.

ಹಾಗಾಗಿ ಈ ವರ್ಷ ಬೆಳಿಗ್ಗೆ ಸಂಜೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಅವನು ಬೇಡಿದ್ದು ಒಂದನ್ನೇ: ಯಾರೂ ಸಾಯದಿರಲಿ. ಅದು ಜನರ ಮೇಲಿನ ಪ್ರೀತಿಯಲ್ಲ ಎಂದು ಅವನಿಗೂ ಗೊತ್ತಿತ್ತು, ಲಿಂಗಕ್ಕೂ ಗೊತ್ತಿದ್ದೀತು. ಯಾರಿಗಾದರೂ ಕೆಮ್ಮು ಜೋರಾದರೆ ‘ಮೈಸೂರಿಗೆ ಕರ್ಕೊಂಡ್ ಹೋಗಿ, ತಡಮಾಡ್ಬೇಡಿ’ ಎಂದು ತಾನೇ ವ್ಯಾನು ಗೊತ್ತು ಮಾಡಿಕೊಡುತ್ತಿದ್ದ. ಅಯ್ನೋರಿಗೆ ಎಷ್ಟು ಕರುಣೆ ಎಂದಿತು ಊರು. ಸಾಯುವುದಿದ್ದರೆ ಮೈಸೂರಿನಲ್ಲೇ ಸಾಯಲಿ, ಅಲ್ಲೇ ಬೇರೆ ಯಾರಾದರೂ ಪಾದವಿಡಲಿ ಎಂಬುದು ಆ ಕರುಣೆಯ ಒಳಗುಟ್ಟು. ಒಬ್ಬ ಮುದುಕ ಹಾಗೆ ಹೋಗಿ ಮಗಳ ಮನೆಯಲ್ಲಿ ತೀರಿಕೊಂಡೂ ಇದ್ದ. ಅದು ಹೊರಗಿನ ಸಾವು, ಊರಿನ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಷಣ್ಮುಖಪ್ಪನೇ ತೀರ್ಪು ಕೊಟ್ಟಿದ್ದ.

ಪ್ರಮೀಳಾ ಕೊಟ್ಟ ಕಾಫಿ ಕುಡಿಯುವಾಗ ಹಿಂದೆ ಕಂಡಿದ್ದ ಒಬ್ಬ ರಬ್ಬಿಯ ನೆನಪಾಯಿತು. ಅಪ್ಪನ ಊರು ಬಿಟ್ಟ ಮೇಲೆ ಬೈಲಕುಪ್ಪೆಯ ಒಂದು ಗೆಸ್ಟ್‌ಹೌಸಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದಾಗ ಅಮೆರಿಕದ ಒಬ್ಬ ಹೆಂಗಸು ಬಂದು ಉಳಿದಿದ್ದಳು. ಕತ್ತರಿಸಿದ ನರೆಗೂದಲು, ಗಂಡಸರ ಕೈಗಡಿಯಾರ. ಉದ್ಯೋಗ ಕೇಳಿದರೆ ರಬ್ಬಿ ಎಂದಳು. ಅಂದರೆ ಯಹೂದಿಗಳ ಗುರು, ನಿಮ್ಮಲ್ಲಿ ಅಯ್ಯನವರಿದ್ದ ಹಾಗೆ ಎಂದು ಅವಳೇ ಬಿಡಿಸಿ ಹೇಳಿದಳು. ಹೆಂಗಸು ಗುರುವೇ ಎಂದು ಅವನು ಬಾಯಿ ಬಿಟ್ಟದ್ದಕ್ಕೆ ನಕ್ಕಳು. ಅಲ್ಲಿ ಗುರುವಾಗಲು ವರ್ಷಗಟ್ಟಲೆ ಓದಬೇಕಂತೆ. ಓದಿದ ಮೇಲೆ ಊರಿನವರು ಒಂದು ಶನಿವಾರಕ್ಕೆ ಕರೆಸುತ್ತಾರಂತೆ. ಪ್ರಾರ್ಥನೆ ಮಾಡಿಸಬೇಕು, ಪ್ರವಚನ ಹೇಳಬೇಕು, ಅವರ ಮನೆಗಳಲ್ಲಿ ಉಣ್ಣಬೇಕು. ಹೇಗೆ ಉಣ್ಣುತ್ತಾಳೆ, ಮಕ್ಕಳನ್ನು ಹೇಗೆ ಮಾತಾಡಿಸುತ್ತಾಳೆ ಎಂದೆಲ್ಲ ನೋಡಿ ಆಮೇಲೆ ಕೈಯೆತ್ತಿ ತೀರ್ಮಾನ ಮಾಡುತ್ತಾರೆ. ಅದೂ ಎರಡು ಮೂರು ವರ್ಷಕ್ಕೆ. ಮುಗಿದ ಮೇಲೆ ಮತ್ತೆ ಕೈಯೆತ್ತುತ್ತಾರೆ. ಮೊದಲು ಸಣ್ಣ ಊರು, ಒಳ್ಳೆಯ ಹೆಸರು ಬಂದರೆ ದೊಡ್ಡ ಊರು, ಹೆಸರು ಕೆಟ್ಟರೆ ಮತ್ತೆ ಸಣ್ಣ ಊರು. ಅವಳ ಊರಿನವರು ಆ ಸಲ ಕೈಯೆತ್ತಿರಲಿಲ್ಲ. ಅದಕ್ಕೇ ಬೈಲಕುಪ್ಪೆಗೆ ಬಂದು ಕಣ್ಣು ಮುಚ್ಚಿ ಕೂತಿದ್ದಳು. ಸಾವಿನ ಮನೆಯಲ್ಲಿ ನಿಮ್ಮ ಕೆಲಸವೇನು ಎಂದು ಅವನು ಕೇಳಿದ್ದ; ಅವನು ಯಾರನ್ನಾದರೂ ಕೇಳುತ್ತಿದ್ದ ಪ್ರಶ್ನೆ ಅದೊಂದೇ. ಗುಂಡಿಗೆ ಮೊದಲ ಮಣ್ಣು ಹಾಕುವಾಗ ಸನಿಕೆಯನ್ನು ಮಗುಚಿ ಹಿಡಿಯುತ್ತೇವೆ ಎಂದಳು. ಮಗುಚಿದ ಸನಿಕೆಯಲ್ಲಿ ಮಣ್ಣು ನಿಲ್ಲುವುದಿಲ್ಲ, ಸ್ವಲ್ಪವೇ ಬೀಳುತ್ತದೆ; ಮನಸ್ಸಿಲ್ಲದೆ ಹಾಕುತ್ತಿದ್ದೇವೆ ಎಂದು ತೋರಿಸಲಿಕ್ಕೆ ಹಾಗೆ. ಮೊದಲ ಸಲ ನನ್ನ ಕೈ ಎಷ್ಟು ನಡುಗಿತೆಂದರೆ ಸನಿಕೆಯೇ ಗುಂಡಿಗೆ ಬೀಳುವುದರಲ್ಲಿತ್ತು ಎಂದಳು. ಅದನ್ನು ಯಾರಿಗೆ ಹೇಳಿದಿರಿ ಎಂದು ಅವನು ಕೇಳಿದ. ಯಾರಿಗೂ ಇಲ್ಲ ಎಂದು ಅವನ ಮುಖ ನೋಡಿದಳು. ಊರಿನವರೆಲ್ಲ ತಮ್ಮ ಭಯ ತಂದು ಗುರುವಿನ ಹತ್ತಿರ ಇಡುತ್ತಾರೆ, ಗುರು ತನ್ನದನ್ನು ಎಲ್ಲಿಡಬೇಕು ಎಂಬುದನ್ನು ಮಾತ್ರ ಯಾವ ಶಾಲೆಯಲ್ಲೂ ಕಲಿಸಲಿಲ್ಲ ಎಂದಳು. ಆಗ ಅವನಿಗೆ ಅದು ದೂರದೇಶದ ಮಾತಾಗಿ ಕೇಳಿಸಿತ್ತು.

ಬೀದಿಯಲ್ಲಿ ಟಿವಿಎಸ್ ಬಂದು ನಿಂತಿತು. ಬಸವರಾಜು. ಊರಿನ ಆ ತುದಿಯ ಮನೆಯವನು, ಹೊಗೆಸೊಪ್ಪು ಬೇಯಿಸುವ ಕಾಲವಾದ್ದರಿಂದ ಕಣ್ಣೆಲ್ಲ ಕೆಂಪು. ಇಳಿಯದೆ ಕೂತೇ ಕೈಮುಗಿದ.

‘ಬುದ್ದಿ, ಅವ್ವ ನಿಮ್ಮುನ್ನ ಕೇಳ್ತಾವ್ಳೆ. ಒಸಿ ಬಂದೋಗ್ಬೇಕು.’

‘ಏನಾಗಿದೆ?’ ಎನ್ನುತ್ತ ಲೋಟ ಕೆಳಗಿಟ್ಟು ಎದ್ದ.

‘ಆಗೋದೇನು ಬುದ್ದಿ, ವಯಸ್ಸು. ಮೂರ್ ದಿನದಿಂದ ಗಂಜಿ ಬುಟ್ಟವ್ಳೆ. ಬೆಳುಗ್ಗಿಂದ ಅಯ್ನೋರು ಅಯ್ನೋರು ಅಂತ ಒಂದೇ ಸಮ.’

‘ಮೈಸೂರಿಗೆ...’

‘ಒಲ್ಲೆ ಅಂತಾಳೆ. ನನ್ ಜಾಗ್ದಾಗೇ ಓಯ್ತೀನಿ ಅಂತಾಳೆ.’

ಟಿವಿಎಸ್‌ನ ಹಿಂದೆ ಕೂತು ಹೋಗುವಾಗ ದಾರಿಯುದ್ದಕ್ಕೂ ಬ್ಯಾರನ್ನು ಗೂಡುಗಳ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಬೇಯುತ್ತಿರುವ ಹೊಗೆಸೊಪ್ಪಿನ ಸಿಹಿ ಘಾಟು ಊರಿಗೆಲ್ಲ ಹಣದ ವಾಸನೆ. ಮುಂದೆ ಬೆನ್ನು ಮಾಡಿ ಕೂತಿರುವ ಈ ಬಸವರಾಜುವಿನ ತಾಯಿ ಚಿಕ್ಕಸಿದ್ದಮ್ಮ. ಅವಳು ಸಂಜೆಯವರೆಗೆ ಇರಲಿ, ಅನಂತರ ಏನಾದರೂ ಆಗಲಿ ಎಂದುಕೊಂಡ. ಆಮೇಲೆ, ಇಲ್ಲ, ಅನಂತರವೂ ಬೇಡ ಎಂದುಕೊಂಡ. ಒಬ್ಬ ಮುದುಕಿಯ ಪ್ರಾಣವನ್ನು ಹೀಗೆ ಹಿಂದಕ್ಕೆ ಮುಂದಕ್ಕೆ ತಳ್ಳುತ್ತಿರುವ ತಾನು ಎಂಥ ಗುರು ಎಂದು ನಾಚಿಕೆಯಾಯಿತು. ಬ್ಯಾರನ್ನಿನ ಮುಂದೆ ಷಣ್ಮುಖಪ್ಪ ಮತ್ತು ಅಂಗಡಿ ಕಂಠಪ್ಪ ಸೌದೆಯ ಮೇಲೆ ಕೂತಿದ್ದರು. ಕಂಠಪ್ಪ ಇನ್ನೊಬ್ಬ ಯಜಮಾನ, ಊರಿಗೆಲ್ಲ ಒಂದೇ ಟೆಲಿಫೋನು ಇದ್ದದ್ದು ಅವನ ಅಂಗಡಿಯಲ್ಲಿ. ಷಣ್ಮುಖಪ್ಪ ಕೈಯೆತ್ತಿ ಗಾಡಿ ನಿಲ್ಲಿಸಿದ.

‘ಮುದ್ಕೀತಾವ್ಕಾ ಬುದ್ದಿ? ಯೋಳಿ ಅವ್ಳಿಗೆ, ವರ್ಸ ತುಂಬೋಗಂಟ ತಡ್ಕೊ ಅಂತ. ಇಂಗ್ ಬಂದು ಕಡೇ ಗಳಿಗೇಲಿ ಲೆಕ್ಕ ಕೆಡ್ಸಬಾರ್ದು.’

ಕಂಠಪ್ಪ ನಕ್ಕ. ಶಿವಶಂಕರನೂ ನಕ್ಕ, ನಗು ಗಂಟಲಿನಲ್ಲಿ ಹೂಂ ಎಂದು ನಿಂತಿತು.

ಮನೆಯ ಬಾಗಿಲಲ್ಲಿ ಬಸವರಾಜುವಿನ ಹೆಂಡತಿ ರಾಣಿ ತಟ್ಟೆ ಚೊಂಬು ಹಿಡಿದು ಕಾದಿದ್ದಳು. ಅವಳ ಕಣ್ಣೂ ಕೆಂಪಗಿತ್ತು, ಆದರೆ ಅದು ಅತ್ತೆಗಾಗಿ ಅಲ್ಲ. ಅಂತರಸಂತೆ ಕಡೆಯ ಅವಳ ಅಣ್ಣ ಚಲುವರಾಜುವಿನ ಮಗಳು ಅನುಶ್ರೀ, ಎಂಟು ವರ್ಷದ ಹುಡುಗಿ, ಜ್ವರ ತಲೆಗೇರಿ ಆಸ್ಪತ್ರೆಯಲ್ಲಿದ್ದಳಂತೆ. ‘ಆ ಮಗೀಗೂ ಒಂಚೂರು ಆಸೀರ್ವಾದ ಮಾಡಿ ಬುದ್ದಿ’ ಎಂದು ಪಾದ ತೊಳೆಯುತ್ತಲೇ ಹೇಳಿದಳು. ಅವನು ಮಾಡು ನೋಡುತ್ತ ಹೂಂ ಎಂದ.

ಚಿಕ್ಕಸಿದ್ದಮ್ಮ ನಡುಮನೆಯ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಹಗಲು ರಾತ್ರಿ ಹಾಗೇ ಕೂರಿಸಿದ್ದರು. ಕೂತ ರೀತಿ ನೋಡಿಯೇ ಅವನಿಗೆ ಹೊಸ್ತಿಲು ದಾಟಲಾಗಲಿಲ್ಲ. ಹೀಗೇ ಕೂರಿಸುತ್ತಾರೆ, ಇದೇ ಗೋಡೆ, ಇದೇ ಎತ್ತರ. ಆದರೆ ಮುದುಕಿಯ ಕಣ್ಣು ಓಡಾಡುತ್ತಿತ್ತು. ಮಗ ಸೊಸೆಯನ್ನು ಆಚೆ ಹೋಗಿ ಎಂದು ಕೈಬೀಸಿದಳು.

‘ಬಾಗ್ಲು ಮುಂದ್ಕೆಳ್ಕಂಡು ಬನ್ನಿ ಬುದ್ದಿ. ಕಡಿಯಾಕಿಲ್ಲ ನಾನು.’

ಅವನು ಬಾಗಿಲು ಮುಂದೆ ಮಾಡಿ ದೂರದಲ್ಲೇ ಕೂತ. ‘ಗಂಜಿ ಯಾಕೆ ಬಿಟ್ರಿ ಅವ್ವ? ಮೈಸೂರಲ್ಲಿ ಒಳ್ಳೆ ಡಾಕ್ಟ್ರು...’

‘ನಿಮ್ಗೆ ಎದ್ರಿಕೆ, ಅಲ್ವಾ?’

‘ಯಾತರ ಹೆದರಿಕೆ?’

‘ಎಣುದ್ದು.’

ಹೊರಗೆ ಯಾರೋ ಸೌದೆ ಒಡೆಯುತ್ತಿದ್ದರು. ಹದಿನೇಳನೆಯ ವಯಸ್ಸಿನಿಂದ ಯಾರೂ ಕೇಳದೇ ಇದ್ದ ಮಾತನ್ನು ಈ ಹಲ್ಲಿಲ್ಲದ ಬಾಯಿ ಕೇಳಿಬಿಟ್ಟಿತ್ತು.

‘ಕಂಠಪ್ಪನ ಎತ್ತು ಸತ್ತಾಗ ನೀವು ಬೀದಿ ಬುಟ್ಟು ಗದ್ದೆ ಮ್ಯಾಲ್ ಸುತ್ಕಂಡ್ ಓದ್ರಿ. ನಾನು ಜಗ್ಲಿ ಮ್ಯಾಲಿದ್ದೆ. ಕಣ್ಣು ಮಂಜಾದ್ರೂ ಎದ್ರುದೋರ ನಡ್ಗೆ ಗೊತ್ತಾಯ್ತದೆ. ಯಾರ್ಗೂ ಯೋಳಿಲ್ಲ, ಎದ್ರಬ್ಯಾಡಿ.’ ಉಸಿರಿಗಾಗಿ ನಿಲ್ಲಿಸಿದಳು. ‘ನಂಗೂ ಎದ್ರಿಕೆ ಬುದ್ದಿ. ಸಾಯಕ್ಕಲ್ಲ. ನಮ್ಮೆಜಮಾನ್ರು ಓದಾಗ ಇಂದ್ಲ ಅಯ್ನೋರ್ಗೆ ವಯಸ್ಸಾಗಿತ್ತು. ಪಾದ ಇಡೋವಾಗ ಕಾಲು ನಡ್ಗಿ ಜಾರೋಯ್ತು. ಯಾರೂ ಮಾತಾಡ್ಲಿಲ್ಲ, ಮಣ್ಣು ಮಾಡುದ್ರು. ಅವತ್ತಿಂದ ನನ್ ಕನಸ್ನಾಗೆ ಬಂದು ಬಾಗ್ಲಾಗೇ ನಿಂತ್ಕತ್ತರೆ. ಒಳೀಕೂ ಬರಾಕಿಲ್ಲ, ಆಚೀಕೂ ಓಗಾಕಿಲ್ಲ. ನಾನಂಗ್ ನಿಂತ್ಕಬಾರ್ದು.’

‘ಬೇರೆ ಯಾರನ್ನಾದ್ರೂ ಕರೆಸೋಣ ಅವ್ವ. ನಮ್ಮ ಚಿಕ್ಕಪ್ಪ ಇದಾರೆ.’

‘ನಮ್ಮೂರಯ್ನೋರು ನೀವು. ನೀವೇ ಇಡ್ಬೇಕು.’ ತಲೆಯ ಮೇಲಿದ್ದ ಸೆರಗನ್ನು ನಿಧಾನವಾಗಿ ಜಾರಿಸಿದಳು. ತೆಳ್ಳಗಿನ ಬಿಳಿಕೂದಲ ನಡುವೆ ನೆತ್ತಿ ಕಂಡಿತು. ‘ಈಗ್ಲೇ ಇಡಿ. ಬೆಚ್ಚುಗಿರೋವಾಗ್ಲೇ. ಅಭ್ಯಾಸ ಆಗ್ಲಿ ಕಾಲಿಗೆ.’

ಅವನು ಎದ್ದು ಗೋಡೆಗೆ ಅಂಟಿಕೊಂಡು ನಿಂತ. ಬದುಕಿರುವವರ ನೆತ್ತಿಗೆ ಪಾದವಿಡುವುದುಂಟೇ? ಇಟ್ಟರೆ ಸತ್ತಂತೆಯೇ ಲೆಕ್ಕ. ಜೀವ ಇರುವಾಗಲೇ ಸತ್ತವಳೆಂದು ಶಿವನಿಗೆ ಸುಳ್ಳು ಸುದ್ದಿ ಕೊಟ್ಟಂತೆ. ಅದು ತಪ್ಪು ಅವ್ವ, ಅಪಚಾರ ಎಂದ. ತಪ್ಪಾದ್ರೆ ನಂಗಿರ್ಲಿ ಬುಡಿ, ಇನ್ನೆಷ್ಟೊತ್ತು ಹೊರ್ತೀನಿ ಎಂದಳು. ಅವಳ ದನಿಯಲ್ಲಿ ತಮಾಷೆಯೂ ಇತ್ತು, ಬೇಡಿಕೆಯೂ ಇತ್ತು. ಕೈ ಚಾಚಿ ಅವನ ಕಾಲಿನ ಗಿಣ್ಣು ಹಿಡಿದುಕೊಂಡಳು. ಒಣಗಿದ ಬೆರಳುಗಳು, ಆದರೆ ಎಷ್ಟು ಬಿಸಿ. ಆ ಬಿಸಿಗೆ ಅವನಿಗೆ ಏನೋ ಸಡಿಲವಾಯಿತು. ಪಕ್ಕದ ಕಂಬ ಹಿಡಿದುಕೊಂಡು, ಮೊಣಕಾಲು ಮಡಿಸಿ, ಕಣ್ಣು ಮುಚ್ಚಿ, ಬಲಪಾದವನ್ನು ಅವಳ ನೆತ್ತಿಯ ಮೇಲಿಟ್ಟ.

ಬೆಚ್ಚಗಿತ್ತು. ಒಡೆದ ಹಿಮ್ಮಡಿಗೆ ಕೂದಲು ಮೆತ್ತಗೆ ತಾಗುತ್ತಿತ್ತು. ಅಂಗಾಲಿನ ಕೆಳಗೆ ಎಲ್ಲೋ ಒಂದು ನರ ಟಪ್ ಟಪ್ ಎನ್ನುತ್ತಿತ್ತು. ಅವನ ಕಾಲು ನಡುಗಿತು. ಅವಳ ಬೆರಳು ಗಿಣ್ಣನ್ನು ಒತ್ತಿತು. ಮತ್ತೆ ನಡುಗಿತು, ಮತ್ತೆ ಒತ್ತಿತು. ನಡುಕ ನಿಲ್ಲುವವರೆಗೂ ತೆಗೀಬ್ಯಾಡಿ ಎಂದು ಪಿಸುಗುಟ್ಟಿ ಅವಳು ಕಣ್ಣು ಮುಚ್ಚಿದಳು. ಅಪ್ಪನ ಬಾತ ಮಂಡಿ, ನದಿಯ ನೀರು, ಅಯ್ಯೋ ಎಂದ ಹೆಂಗಸರು ಎಲ್ಲ ಒಂದು ಸುತ್ತು ಬಂದು ಹೋದವು. ಹೋದ ಮೇಲೆ ಕೋಣೆ ಖಾಲಿಯಾಯಿತು. ಕಾಲು ಸುಮ್ಮನಾಗಿತ್ತು. ಇಷ್ಟೇನೇ ಎಂದುಕೊಂಡ. ಆ ಕ್ಷಣ ಅವನಿಗೆ ಭಯವಿರಲಿಲ್ಲ. ಗಿಣ್ಣಿನ ಮೇಲಿದ್ದ ಕೈ ಸಡಿಲವಾಗಿ ಚಾಪೆಯ ಮೇಲೆ ಬಿತ್ತು. ನಿದ್ದೆ ಹತ್ತಿರಬೇಕು.

ಬಾಗಿಲು ತೆರೆಯಿತು. ಕಾಫಿ ಲೋಟ ಹಿಡಿದ ರಾಣಿ. ಅವಳು ನೋಡಿದ್ದು ಗೋಡೆಗೆ ಒರಗಿದ ಅತ್ತೆ, ಮುಚ್ಚಿದ ಕಣ್ಣು, ಬಿದ್ದ ಕೈ, ನೆತ್ತಿಯ ಮೇಲೆ ಅಯ್ನೋರ ಬಲಪಾದ. ಲೋಟ ಬಿತ್ತು. ‘ಅಯ್ಯೋ ಅತ್ತೇ! ಓಗ್ಬುಟ್ರಲ್ಲಾ!’ ಎಂಬ ಕೂಗಿಗೆ ಸೌದೆ ಒಡೆಯುವ ಸದ್ದು ನಿಂತಿತು, ಬಸವರಾಜು ನುಗ್ಗಿ ಬಂದ, ಬೀದಿಯೇ ನುಗ್ಗಿ ಬಂತು. ಎದೆ ಬಡಿದುಕೊಳ್ಳುವ ಹೆಂಗಸರ ನಡುವೆ ಶಿವಶಂಕರ ಒಂಟಿಕಾಲಿನಲ್ಲಿ ನಿಂತಿದ್ದ. ಕಾಲು ತೆಗೆಯಬೇಕೆಂದು ತಿಳಿದರೂ ತೆಗೆಯಲಾಗಲಿಲ್ಲ. ತೆಗೆದರೆ ಯಾಕೆ ಇಟ್ಟಿದ್ದಿರಿ ಎಂದು ಕೇಳುತ್ತಾರೆ. ಷಣ್ಮುಖಪ್ಪ ಬಾಗಿಲಲ್ಲಿ ಬಂದು ನಿಂತು, ಲೆಕ್ಕ ಕೆಟ್ಟಿತಲ್ಲಾ ಎಂಬ ಮುಖ ಮಾಡಿಕೊಂಡು, ರುಮಾಲು ತೆಗೆದು ಕೈಯಲ್ಲಿ ಹಿಡಿದ.

ಚಿಕ್ಕಸಿದ್ದಮ್ಮ ಕಣ್ಣು ಬಿಟ್ಟಳು.

‘ಯಾಕ್ರಲಾ ಇಂಗ್ ಬಾಯ್ ಬಡ್ಕತೀರಿ?’

ಅವನು ಕಾಲು ಕೆಳಗಿಟ್ಟ. ಮೊದಲು ಅಡ್ಡಬಿದ್ದವನು ಷಣ್ಮುಖಪ್ಪ. ‘ಸತ್ತೋಗಿದ್ದೋಳು! ನನ್ ಕಣ್ಣಾರೆ ನೋಡ್ದೆ! ಪಾದ ಇಕ್ಕಿ ಎಬ್ರುಸ್ಬುಟ್ರು!’

‘ಇಲ್ಲ ಯಜಮಾನ್ರೆ, ಸತ್ತಿರಲಿಲ್ಲ’ ಎಂದ ಶಿವಶಂಕರ. ‘ಕೇಳಿ ಇಲ್ಲಿ. ನನಗೆ ಹೆದರಿಕೆ. ಅದಕ್ಕೇ ಅವರು...’

‘ನೋಡಿದ್ರಾ, ದೊಡ್ಡೋರು ಅಂಗೇ ಯೋಳೋದು. ನಂದೇನಿಲ್ಲ ಅಂತಾರೆ.’ ಕಂಠಪ್ಪನೂ ಅಡ್ಡಬಿದ್ದ. ಅದಕ್ಕೇ ಒಂದು ವರ್ಷದಿಂದ ಸಾವಿಲ್ಲ, ಈಗ ಗೊತ್ತಾಯಿತು ಎಂದರು ಯಾರೋ. ಶಿವಶಂಕರ ಮುದುಕಿಯ ಮುಖ ನೋಡಿದ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಸವರಾಜು, ನಡುವಯಸ್ಸಿನ ಗಂಡಸು, ಅವಳ ಮಡಿಲಲ್ಲಿ ಮುಖವಿಟ್ಟು ಅವ್ವಾ ಅವ್ವಾ ಎಂದು ಬಿಕ್ಕಿದ. ಅವಳ ಕೈ ಮಗನ ತಲೆಯ ಮೇಲೆ ಹೋಯಿತು. ಶಿವಶಂಕರನನ್ನು ನೋಡಿ ತಲೆಯಾಡಿಸಿದಳು, ಸೋತವಳಂತೆ. ‘ನಾನ್ ಯೋಳುದ್ರೂ ನಂಬಾಕಿಲ್ಲ ಬುದ್ದಿ ಇವ್ರು’ ಎಂದಳು. ಆಮೇಲೆ, ‘ನಿಮ್ ಕಾಲು ಸ್ಯಾನೆ ತಣ್ಣುಗಿತ್ತು’ ಎಂದಳು. ರಾಣಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕಂಠಪ್ಪನ ಅಂಗಡಿಯ ಕಡೆ ಓಡಿದ್ದನ್ನು ಅವನು ಕಂಡ. ಯಾಕೆ ಎಂದು ಯೋಚಿಸಲಿಲ್ಲ.

ಸಂಜೆ ಯಜಮಾನರು ಬಂದು ಕೂತರು, ಕಾಫಿ ಆರುವ ಮೊದಲೇ ಎದ್ದರು. ಕೇಳುವ ಮಾತೇ ಇರಲಿಲ್ಲ. ‘ನಮ್ ತಲೆ ಇರೋಗಂಟ ನೀವೇ, ಆಮೇಕೂ ನೀವೇ’ ಎಂದ ಷಣ್ಮುಖಪ್ಪ. ಜನ ಜಗಲಿ ಬಿಟ್ಟು ಕದಲಲಿಲ್ಲ, ಬೀದಿಯಲ್ಲೂ ಅಲ್ಲಲ್ಲಿ ನಿಂತಿದ್ದರು. ಶಿವಶಂಕರ ಹೊಸ್ತಿಲ ಮೇಲೆ ಕೂತಿದ್ದ. ಒಳಗೆ ಪ್ರಮೀಳಾ ಮೊಳೆ ಹೊಡೆಯುತ್ತಿದ್ದಳು. ಒಂದೊಂದು ಪೆಟ್ಟಿಗೂ ಗೋಡೆ ಅದುರುವುದು ಅವನ ಬೆನ್ನಿಗೆ ತಿಳಿಯುತ್ತಿತ್ತು. ಅವಳಿಗಾದರೂ ಹೇಳಬೇಕು ಎಂದುಕೊಂಡ. ಹೇಳಿದರೆ ಅವಳು ಸುತ್ತಿಗೆ ಕೆಳಗಿಡುತ್ತಾಳೆ. ಅಮೆರಿಕದಲ್ಲಿ ಆ ನರೆಗೂದಲ ಹೆಂಗಸಿಗೆ ಯಾವುದಾದರೂ ಊರು ಕೈಯೆತ್ತಿತೋ ಇಲ್ಲವೋ. ಕೈಯೆತ್ತಿದ್ದರೆ ಅವಳ ಪಾಡೂ ಇಷ್ಟೇ. ಬೆಳಿಗ್ಗೆಯವರೆಗೆ ಅವನದ್ದು ಹೆಣವನ್ನು ಮುಟ್ಟುವ ಭಯ. ಈಗ ಮುಟ್ಟಿದರೆ ಹೆಣ ಏಳಬೇಕೆಂದು ಕಾಯುವ ಜನ. ಎಲ್ಲರ ಮುಖವೂ ಬೆಳಗುತ್ತಿತ್ತು, ಅದನ್ನು ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಒಂದು ಮೆಟಡಾರ್ ವ್ಯಾನು ಧೂಳೆಬ್ಬಿಸಿಕೊಂಡು ಬಂದು ಮಠದ ಮುಂದೆಯೇ ನಿಂತಿತು. ಇಳಿದವನ ಕೈಯಲ್ಲಿ ಕಂಬಳಿ ಸುತ್ತಿದ ಹುಡುಗಿಯಿದ್ದಳು. ಹಿಂದೆ ರಾಣಿ ಓಡಿಬಂದು ‘ನಮ್ಮಣ್ಣ ಬುದ್ದಿ, ನಾನೇ ಪೋನ್ ಮಾಡ್ದೆ’ ಎಂದಳು. ಚಲುವರಾಜು ಜಗಲಿಯ ಮೇಲೆ ಮಗಳನ್ನು ಕೂರಿಸಿ ಗೋಡೆಗೆ ಒರಗಿಸಿದ. ಹೇಗೆ ಕೂರಿಸಬೇಕೆಂದು ಅವನಿಗೆ ಯಾರೋ ಹೇಳಿದ್ದಿರಬೇಕು. ಹುಡುಗಿಯ ಎರಡು ಜಡೆಗೆ ಸ್ಕೂಲಿನ ಕೆಂಪು ಟೇಪು ಹಾಗೇ ಇತ್ತು.

‘ಆಸ್ಪತ್ರೆಗೆ ಕರ್ಕೊಂಡ್ ಹೋಗಿ’ ಎಂದ ಶಿವಶಂಕರ. ‘ಈಗ್ಲೇ ಹೊರಡಿ. ತಡ ಮಾಡ್ಬೇಡಿ.’

‘ಅಲ್ಲಿಂದ್ಲೇ ಬತ್ತಿರೋದು ಬುದ್ದಿ. ಮನೀಗ್ ಕರ್ಕಂಡೋಗಿ ಅಂದ್ರು.’

ಅವನು ಬಗ್ಗಿ ಹುಡುಗಿಯ ಹಣೆ ಮುಟ್ಟಿದ. ತಣ್ಣಗಿತ್ತು. ಬೇರೆ ಯಾವ ತಂಪೂ ಅಲ್ಲ, ಅವನಿಗೆ ಗೊತ್ತಿದ್ದ ತಂಪು. ತಲೆಯೆತ್ತಿ ನೋಡಿದ. ಷಣ್ಮುಖಪ್ಪ ಕೈಮುಗಿದು ನಿಂತಿದ್ದ, ಬೀದಿ ಉಸಿರು ಹಿಡಿದು ನಿಂತಿತ್ತು. ಬಾಗಿಲಲ್ಲಿ ಪ್ರಮೀಳಾ ಬಂದಳು, ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. ಓಡಲು ಇಲ್ಲಿ ನದಿಯೂ ಇರಲಿಲ್ಲ. ಮಗು ಹೋಗಿದೆ ಎಂದು ಹೇಳಬೇಕಾದವನು ತಾನೇ. ಹೇಳಿದರೆ ಈ ಹುಡುಗಿಗೆ ಆಗಬೇಕಾದದ್ದನ್ನು ಮಾಡಬೇಕಾದವನೂ ತಾನೇ. ಅವಳು ಬಾಗಿಲಲ್ಲಿ ನಿಂತುಬಿಡಬಾರದು. ಮಗುಚಿದ ಸನಿಕೆಯಲ್ಲಿ ಮಣ್ಣು ಹಾಕುವವರಂತೆ, ಮನಸ್ಸೇ ಇಲ್ಲದೆ, ನಿಧಾನವಾಗಿ ಕಾಲೆತ್ತಿದ. ಎರಡು ಜಡೆಯ ಬೈತಲೆಯ ಮೇಲೆ, ಒತ್ತದೆ, ಬಲಪಾದವನ್ನಿಟ್ಟ. ಕಾಲು ನಡುಗಲಿಲ್ಲ.

ಎಲ್ಲರೂ ಹುಡುಗಿಯ ಕಣ್ಣನ್ನೇ ನೋಡುತ್ತಿದ್ದರು. ಶಿವಶಂಕರ ಮಂತ್ರ ಹೇಳಿದ, ಗೊಣಗದೆ, ಎಲ್ಲರಿಗೂ ಕೇಳುವಂತೆ. ಅದು ಏಳಿಸುವ ಮಂತ್ರವಲ್ಲ, ಕಳಿಸಿಕೊಡುವುದು. ಊರಿನ ಹಿರಿಯರಲ್ಲಿ ಒಬ್ಬಿಬ್ಬರಿಗೆ ಅದು ಗೊತ್ತಾಗಿರಬೇಕು, ಷಣ್ಮುಖಪ್ಪನ ಮುಗಿದ ಕೈ ಕೆಳಗಿಳಿಯಿತು. ಮಂತ್ರ ಮುಗಿಯಿತು. ಇನ್ನು ಕಾಲು ತೆಗೆದು, ಮಗು ಶಿವನ ಪಾದ ಸೇರಿತು ಎಂದು ಹೇಳಬೇಕು. ಅವನು ಹಿಮ್ಮಡಿ ಎತ್ತಿದ.

ಚಲುವರಾಜು ಎರಡೂ ಕೈಯಿಂದ ಅವನ ಗಿಣ್ಣು ಹಿಡಿದುಕೊಂಡ. ತಲೆಯೆತ್ತಿ ನೋಡಲಿಲ್ಲ.

‘ಗೊತ್ತು ಬುದ್ದಿ’ ಎಂದ ಮೆಲ್ಲಗೆ, ಅವನೊಬ್ಬನಿಗೇ ಕೇಳುವಂತೆ. ‘ದಾರೀಲೇ ಗೊತ್ತಾಯ್ತು. ಇನ್ನೊಸಿ ಹೊತ್ತು ತೆಗೀಬ್ಯಾಡಿ.’